ಉಸ್ಮಾನಿಯಾ ವಿದ್ಯಾಮಂದಿರದಲ್ಲಿ ನಮ್ಮ ಪಾಲು

ಮನೆತನದ ಹಳೆಯ ಲೆಕ್ಕದ ಪುಸ್ತಕವನ್ನು ಬಿಚ್ಚಿದರೆ ಹಿರಿಯರು ಕೊಟ್ಟುದೆಷ್ಟು, ಪಡೆದುದೆಷ್ಟು ಎಂಬುದು ಎದುರುಬದುರು ಪುಟಗಳಲ್ಲಿ ಕಾಣಬರುವುದು. ಒಂದೇ ಪುಟವನ್ನು ಓದಿ ಪುಸ್ತಕ ಮುಚ್ಚುವವನು ಹಿರಿಯರನ್ನು ಸುಮ್ಮನೆ ಹೊಗಳುವನು, ಇಲ್ಲವೆ ಸುಮ್ಮನೆ ಹಳಿಯುವನು. ದೇಶದ ದೊಡ್ಡ ಕಟ್ಟಡಗಳೂ ಇಂತಹ ಲೆಕ್ಕದ ಪುಸ್ತಕಗಳೇ ಎಂದು ನಾವು ಎಣಿಸುತ್ತೇವೆ. ಅಂತಹದೊಂದು ಕಟ್ಟಡದ ಎರಡೂ ಪುಟಗಳನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಅದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆರ್ಟ್ಸ್ ಕಾಲೇಜಿನ ಕಟ್ಟಡ.

ಗುರುಗುಂಟಾ, ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಗೃಹಸ್ಥರು ಹೈದರಾಬಾದಿಗೆ ಹೋಗುವುದು ಅಪರೂಪವಲ್ಲ. ಆಸ್ಪತ್ರೆಗೆಂದೋ, ಮದುವೆಯ ಜವಳಿಗೆಂದೋ, ಮಕ್ಕಳ ನೌಕರಿಯ ನಿಮಿತ್ತವಾಗಿಯೋ ಹೋದವರು ಒಂದು ದಿನ ಉಳಿದು ಚಾರಮಿನಾರು, ಗೋಲ್ಕೊಂಡ, ಸಾಲಾರ ಜಂಗರ ವಸ್ತುಸಂಗ್ರಹಾಲಯಗಳನ್ನು ನೋಡಿ ಬರುವರು. ಆರ್ಟ್ಸ್ ಕಾಲೇಜಿನ ಮುಂದೆ ನಿಂತು ಬಂದವರು ಮಾತ್ರ ಕಡಮೆ. ಆ ಹೆಸರಿನದೇ ಒಂದು ರೈಲು ನಿಲ್ದಾಣವೂ ಅಲ್ಲಿರುವುದು, ಹೋಗುವುದು ಕಷ್ಟವಲ್ಲ. ಹೋಗಬೇಕೆಂದು ನಮ್ಮವರಿಗೆ ತೋರುವುದಿಲ್ಲ, ಅಷ್ಟೇ. ಅದು ಪರರ ಊರಿನ ಪರರ ಶಾಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಅರ್ಧ ನಿಜ, ಅರ್ಧ ಸುಳ್ಳು. ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಸಂಬಂಧವನ್ನು ನೆನೆಯೋಣ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ಎಡದೊರೆನಾಡು ಬಹುಕಾಲ ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ೧೮೫೩ರಲ್ಲಿ ಇಂಗ್ಲಿಷರ ಕೈಗೆ ಹೋಗಿ ೧೮೬೦ರಲ್ಲಿ ಮರಳಿ ನಿಜಾಮರಿಗೆ ಬಂದಿತು. ಲಿಂಗಸುಗೂರು ೧೯೦೫ರವರೆಗೆ ತಾನೇ ಒಂದು ಜಿಲ್ಲೆಯಾಗಿದ್ದು, ಆಮೇಲೆ ರಾಯಚೂರು ಜಿಲ್ಲೆಯಲ್ಲಿ ಸೇರಿಹೋಯಿತು. ಅಮರೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ಗುರುಗುಂಟೆಯಾದರೋ ನಿಜಾಮರ ಅಧೀನದಲ್ಲಿದ್ದ ಸಂಸ್ಥಾನಗಳಲ್ಲೊಂದು. ಗದ್ವಾಲ, ವನಪರ್ತಿ, ಆನೆಗೊಂದಿಗಳಂತೆ ತನ್ನ ರಾಜಮನೆತನವನ್ನು ಉಳಿಸಿಕೊಂಡಿದ್ದ ಊರು. ಸಂಸ್ಥಾನಗಳ ಪೇಶ್‌ಕಶ್ಶೂ ಖಾಲ್ಸಾ ಹಳ್ಳಿಗಳ ಕಂದಾಯವೂ ಹೈದರಾಬಾದಿನ ಒಂದೇ ಬೊಕ್ಕಸಕ್ಕೆ ಹೋಗಿ ಬೀಳುತ್ತಿದ್ದವು. ಆ ಬೊಕ್ಕಸದ ಹಣದಿಂದಲೇ ಈ ವಿದ್ಯಾಮಂದಿರ ಎದ್ದಿತು. ಆದುದರಿಂದ ಎಡದೊರೆನಾಡಿನ ಜೋಳದ ಹೊಲ, ಹತ್ತಿಯ ಹೊಲಗಳ ಬೆವರು ಅದರ ಗೋಡೆಯಲ್ಲಿ ಇದೆಯೆಂದರೆ ಅದು ಅಲಂಕಾರದ ಮಾತಲ್ಲ.

ಇನ್ನು ವಿಶ್ವವಿದ್ಯಾನಿಲಯದ ಹುಟ್ಟನ್ನು ನೋಡೋಣ. ಸರ್ ಅಕ್ಬರ್ ಹೈದರಿಯವರು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೆ ಒಂದು ನಿವೇದನೆಯನ್ನು ಸಲ್ಲಿಸಿದರು. ಪರಭಾಷೆಯಲ್ಲಿ ಕಲಿಯುವ ವಿದ್ಯಾರ್ಥಿಯ ಶಕ್ತಿಯೆಲ್ಲ ಭಾಷೆಯನ್ನು ಕಲಿಯುವುದರಲ್ಲಿಯೇ ಮುಗಿದು, ವಿಷಯಕ್ಕೆ ಉಳಿಯುವುದು ಅತ್ಯಲ್ಪವೆಂಬುದೂ, ಆದುದರಿಂದ ಉಚ್ಚ ಶಿಕ್ಷಣವು ದೇಶಭಾಷೆಯಲ್ಲಿಯೇ ನಡೆಯತಕ್ಕದ್ದೆಂಬುದೂ ಅದರ ಸಾರ. ೧೯೧೭ರ ಏಪ್ರಿಲಿನಲ್ಲಿ ನಿಜಾಮರ ಫರ್ಮಾನು ಹೊರಟಿತು. ೧೯೧೮ರಲ್ಲಿ ವಿಶ್ವವಿದ್ಯಾನಿಲಯವು ವಿಧಿಪೂರ್ವಕವಾಗಿ ಸ್ಥಾಪಿತವಾಗಿ, ೧೯೧೯ರಲ್ಲಿ ಪಾಠಗಳು ಆರಂಭವಾದವು. ಆಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ; ಬಶೀರಬಾಗಿನ ಕಡೆ ತಾತ್ಕಾಲಿಕವಾದ ಮನೆಗಳಲ್ಲಿ ೨೨೫ ವಿದ್ಯಾರ್ಥಿಗಳೂ ೨೫ ಮಂದಿ ಅಧ್ಯಾಪಕರೂ ಸೇರಿ ಕೆಲಸಕ್ಕೆ ತೊಡಗಿದರು. ಇಂಗ್ಲಿಷನ್ನು ಒಂದು ಕಡ್ಡಾಯದ ವಿಷಯವಾಗಿ ಇಟ್ಟುಕೊಂಡು, ಉಳಿದ ಚರಿತ್ರೆ, ಅರ್ಥಶಾಸ್ತ್ರ, ಗಣಿತ, ಪದಾರ್ಥವಿಜ್ಞಾನ, ರಸಾಯನಶಾಸ್ತ್ರ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸುವುದೆಂದು ನಿಶ್ಚಯವಾಯಿತು. ಮುಂದೆ ವೈದ್ಯಶಾಸ್ತ್ರವನ್ನೂ ಅದೇ ಭಾಷೆಯಲ್ಲಿ ಕಲಿಸಿದರು.

ಇದು ಎಷ್ಟು ದೊಡ್ಡ ಸಾಹಸವೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಆಗಿನ ಕಲಕತ್ತೆ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳಲ್ಲಿ ಇಂಗ್ಲಿಷಲ್ಲದೆ ಬೇರೆ ಬಾಯಿಯಿಲ್ಲ. ೧೯೧೬ರಲ್ಲಿ ಕರ್ವೆಯವರು ಮಹಿಳಾ ವಿದ್ಯಾಪೀಠವನ್ನು ಮಾತೃಭಾಷೆಯ ಮೂಲಕ ನಡೆಸತೊಡಗಿದ್ದರು, ನಿಜ. ಆದರೆ ಅದು ಸೇವಾನಿಷ್ಠರಾದ ಕೆಲವರ ಚಿಕ್ಕ ಸಂಸ್ಥೆ. ಒಂದು ಸರಕಾರವು ತನ್ನ ಬೊಕ್ಕಸವನ್ನೇ ತೆರೆದು, ಸಕಲಶಾಸ್ತ್ರಗಳನ್ನೂ ಭಾರತದ ಒಂದು ಭಾಷೆಗೆ ಇಳಿಸುವೆನೆಂದು ಹೊರಟುದು ಇಲ್ಲಿಯೇ. ರವೀಂದ್ರನಾಥ ಠಾಕೂರರಂತಹವರೂ ಈ ಪ್ರಯತ್ನವನ್ನು ಸ್ವಾಗತಿಸಿದರು.

ಪಾಠ ಹೇಳಬೇಕಾದರೆ ಪುಸ್ತಕ ಬೇಕು. ಪುಸ್ತಕ ಬರೆಯಬೇಕಾದರೆ ಶಬ್ದ ಬೇಕು. ಅದಕ್ಕಾಗಿ ಕಾಲೇಜು ತೆರೆಯುವುದಕ್ಕೂ ಮುಂಚೆಯೇ, ೧೯೧೭ರಲ್ಲಿ, ದಾರುಲ್ ತರ್ಜುಮಾ ಎಂಬ ಭಾಷಾಂತರ ಕಾರ್ಯಾಲಯವನ್ನು ಸ್ಥಾಪಿಸಿದರು. ಮೌಲ್ವಿ ಅಬ್ದುಲ್ ಹಕ್ಕರು ಅದರ ಮೊದಲ ಮುಖ್ಯಸ್ಥರು. ಒಂದೊಂದು ಶಾಸ್ತ್ರಕ್ಕೂ ಆ ಶಾಸ್ತ್ರವನ್ನು ಬಲ್ಲವರೂ ಭಾಷೆಯನ್ನು ಬಲ್ಲವರೂ ಕೂಡಿ ಕುಳಿತು, ಇಂಗ್ಲಿಷಿನ ಪಾರಿಭಾಷಿಕ ಶಬ್ದಗಳಿಗೆ ಸರಿಯಾದ ಉರ್ದು ಶಬ್ದಗಳನ್ನು ಗೊತ್ತುಮಾಡುತ್ತಿದ್ದರು. ಅರಬಿಯಿಂದ ತೆಗೆಯಬೇಕೋ, ಪಾರಸಿಯಿಂದಲೋ, ಹಿಂದಿಯ ಬೇರುಗಳಿಂದಲೋ ಎಂಬ ವಾದಗಳು ನಡೆದವು. ವಹೀದುದ್ದೀನ್ ಸಲೀಮರು ಶಬ್ದಗಳನ್ನು ಕಟ್ಟುವ ಕ್ರಮದ ವಿಷಯವಾಗಿಯೇ ೧೯೨೧ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮುಂದಿನ ಮೂರು ದಶಕಗಳಲ್ಲಿ ಈ ಕಾರ್ಯಾಲಯದಿಂದ ನೂರಾರು ಗ್ರಂಥಗಳು ಹೊರಬಂದವು. ಭಾಷೆ ಬಡವಾದುದರಿಂದ ಶಾಸ್ತ್ರ ಹೇಳಲಾಗದು ಎಂಬ ಮಾತು ಸುಳ್ಳೆಂದು ಅಲ್ಲಿ ಸಿದ್ಧವಾಯಿತು. ಹೇಳದೆ ಇರುವುದರಿಂದ ಭಾಷೆ ಬಡವಾಗುವುದೇ ಹೊರತು, ಬಡತನದಿಂದ ಹೇಳದಂತಾಗುವುದಿಲ್ಲ.

ಇದೇ ಕಾಲದಲ್ಲಿ ಕನ್ನಡದ ಪಾಡೇನಾಗಿತ್ತೆಂದು ವಾಚಕರು ಕೇಳಬಹುದು. ಮೈಸೂರು ವಿಶ್ವವಿದ್ಯಾನಿಲಯ ೧೯೧೬ರಲ್ಲಿ ಹುಟ್ಟಿದ್ದಿತು. ಆದರೆ ಅಲ್ಲಿ ಪಾಠಗಳು ಇಂಗ್ಲಿಷಿನಲ್ಲಿ. ೧೯೧೮ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವಿಷಯಗಳನ್ನು ತಿಳಿಗನ್ನಡದಲ್ಲಿ ಬರೆಯತೊಡಗಿದರು. ಹೈದರಾಬಾದಿನಲ್ಲಿ ಒಂದು ರಾಜ್ಯದ ಬಲವು ಮಾಡಿದ ಕೆಲಸವನ್ನು ಬೆಂಗಳೂರಿನಲ್ಲಿ ಇಬ್ಬರು ವಿದ್ವಾಂಸರ ಉತ್ಸಾಹವು ಹೊತ್ತುಕೊಂಡಿತು. ಆ ಪತ್ರಿಕೆ ಸುಮಾರು ಎರಡು ವರ್ಷ ನಡೆದು ನಿಂತುಹೋಯಿತು. ಹಿಂದೆ ಕಾಲೇಜಿಲ್ಲ, ಪರೀಕ್ಷೆಯಿಲ್ಲ, ಬೊಕ್ಕಸವಿಲ್ಲವೆಂದ ಮೇಲೆ ಉತ್ಸಾಹವೊಂದೇ ಎಷ್ಟು ದೂರ ನಡೆದೀತು!

ಇನ್ನು ಕಟ್ಟಡದ ಕಥೆ. ವಿಶ್ವವಿದ್ಯಾನಿಲಯಕ್ಕೆ ತಕ್ಕ ಸ್ಥಳವನ್ನು ಹುಡುಕುವುದಕ್ಕೆ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ನಗರಯೋಜಕರನ್ನು ಕರೆಸಿದರು. ಅವರ ವರದಿ ೧೯೨೩ರಲ್ಲಿ ಬಂದಿತು. ಆಮೇಲೆ ನಗರದ ಪೂರ್ವಕ್ಕೆ ಅಡಿಕ್‌ಮೆಟ್ಟಿನ ಬಳಿಯ ಕಲ್ಲುದಿಣ್ಣೆಗಳ ವಿಶಾಲವಾದ ಬಯಲು ಗೊತ್ತಾಯಿತು. ರಾಜ್ಯದ ಶಿಲ್ಪಿಗಳಾದ ಜೈನ್ ಯಾರ್ ಜಂಗ್ ಹಾಗೂ ಸಯ್ಯದ್ ಅಲಿ ರಜಾ ಎಂಬ ಇಬ್ಬರನ್ನು ಪರದೇಶಗಳಿಗೆ ಕಳುಹಿಸಿ, ಅಲ್ಲಿಯ ಪ್ರಸಿದ್ಧ ವಿದ್ಯಾಪೀಠಗಳನ್ನು ನೋಡಿ ಬರುವಂತೆ ಏರ್ಪಾಡು ಮಾಡಿದರು. ನಕ್ಷೆಯನ್ನು ಬರೆಯುವ ಕೆಲಸ ಬೆಲ್ಜಿಯಂ ದೇಶದ ಅರ್ನೆಸ್ಟ್ ಜಾಸ್ಪರರ ಪಾಲಿಗೆ ಬಂದಿತು. ಈಜಿಪ್ತದ ಕೈರೋ ನಗರದ ಹೊರವಲಯದಲ್ಲಿ ೧೯೧೦ರಲ್ಲಿ ತೆರೆದ ಹೆಲಿಯೊಪೊಲಿಸ್ ಪ್ಯಾಲೇಸ್ ಹೋಟೆಲನ್ನು ರಚಿಸಿದವರು ಅವರೇ. ಪೌರಸ್ತ್ಯ ಶಿಲ್ಪದ ಪರಿಚಯ ಅವರಿಗೆ ಚೆನ್ನಾಗಿದ್ದಿತು. ೧೯೩೪ರ ಜುಲೈ ೫ರಂದು ನಿಜಾಮರು ಅಸ್ತಿಭಾರವನ್ನಿಟ್ಟರು. ಜಾಸ್ಪರರು ಊರು ಬಿಟ್ಟ ಮೇಲೆ ಜೈನ್ ಯಾರ್ ಜಂಗರು ಕೆಲಸವನ್ನು ಮುಂದುವರಿಸಿದರು. ೧೯೩೯ರ ಡಿಸೆಂಬರ್ ೪ರಂದು ಕಟ್ಟಡದ ಪ್ರಾರಂಭೋತ್ಸವವಾಯಿತು.

ಕಟ್ಟಡವು ಎರಡು ಅಂತಸ್ತಿನದು. ಗುಲಾಬಿ ಛಾಯೆಯ ಗ್ರಾನೈಟು ಕಲ್ಲಿನದು. ಅಗಲವಾದ ಮೆಟ್ಟಿಲುಗಳನ್ನು ಏರಿದರೆ ನಡುವೆ ಎರಡಂತಸ್ತನ್ನೂ ಮೀರಿ ನಿಂತ ಭವ್ಯವಾದ ಕಮಾನು. ಅದು ಮುಸಲ್ಮಾನ ಶಿಲ್ಪದ ಮಹಾದ್ವಾರಗಳನ್ನು ನೆನಪಿಗೆ ತರುವುದು. ಅದನ್ನು ದಾಟಿ ಒಳಹೊಕ್ಕರೆ ಕಂಬಗಳೂ ಬೋದಿಗೆಗಳೂ ನಮ್ಮ ದೇವಾಲಯಗಳ ಮಂಟಪಗಳ ಜಾಡಿನವು. ಗೋಲ್ಕೊಂಡ, ಬೀದರ, ಅಜಂತ, ಎಲ್ಲೋರ ಎಲ್ಲೆಡೆಯ ಕೈವಾಡವನ್ನು ಒಂದೇ ಮನೆಯಲ್ಲಿ ಕೂಡಿಸಬೇಕೆಂಬುದು ಕಟ್ಟಿದವರ ಸಂಕಲ್ಪ. ಆ ಕಾಲದಲ್ಲಿ ಈ ನಾಲ್ಕು ಸ್ಥಳಗಳೂ ನಿಜಾಮರ ರಾಜ್ಯದಲ್ಲಿಯೇ ಇದ್ದವೆಂಬುದನ್ನು ನೆನೆದರೆ ಈ ಕೂಡಿಕೆಯ ಅರ್ಥ ಸ್ಪಷ್ಟವಾಗುವುದು: ನಮ್ಮ ರಾಜ್ಯದಲ್ಲಿ ಬಗೆಬಗೆಯ ಜನರಿರುವರು, ಈ ಮನೆ ಅವರೆಲ್ಲರದು ಎಂದು ಕಲ್ಲಿನಲ್ಲಿ ಹೇಳಿದ ಮಾತು ಅದು. ಮುದಗಲ್ಲಿನ ಕೋಟೆಯನ್ನೂ, ೧೨೯೪ರಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲನ್ನು ಗೋಡೆಗೆ ಕೂಡಿಸಿದ ರಾಯಚೂರಿನ ಕೋಟೆಯನ್ನೂ ಕಂಡ ನಮ್ಮವರಿಗೆ ಕಲ್ಲಿನ ಕೆಲಸದ ಬೆಲೆ ಗೊತ್ತು. ಆ ಕೋಟೆಗಳು ಯುದ್ಧಕ್ಕೆಂದು ಎದ್ದವು. ಅಂತಹದೇ ಕಲ್ಲು ಇಲ್ಲಿ ವಿದ್ಯೆಗೆಂದು ಎದ್ದಿತು. ಇದನ್ನು ಮೆಚ್ಚದವನು ಅರಸಿಕನೇ ಸರಿ.

ಇಷ್ಟು ಲೆಕ್ಕದ ಒಂದು ಪುಟವಾಯಿತು. ಇನ್ನೊಂದು ಪುಟವನ್ನು ತಿರುವೋಣ.

ಕಲ್ಲು ಎಲ್ಲರನ್ನೂ ಕರೆಯಿತು. ಭಾಷೆ ಕೆಲವರನ್ನು ಮಾತ್ರ ಕರೆಯಿತು. ೧೯೪೧ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಜನಸಂಖ್ಯೆ ೧ ಕೋಟಿ ೬೩ ಲಕ್ಷ. ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ ತೆಲುಗರು, ಕಾಲುಪಾಲು ಮರಾಠಿಗರು, ಸುಮಾರು ಹತ್ತರಲ್ಲೊಂದು ಪಾಲು ಕನ್ನಡಿಗರು, ಅಷ್ಟೇ ಪಾಲು ಉರ್ದು ಮಾತನಾಡುವವರು. ‘ದೇಶಭಾಷೆಯಲ್ಲಿ ವಿದ್ಯೆ’ ಎಂಬ ಮಹಾತತ್ತ್ವವನ್ನು ಘೋಷಿಸಿದವರು ಹತ್ತರಲ್ಲಿ ಒಂಬತ್ತು ಜನರ ಮಾತೃಭಾಷೆಯನ್ನು ಬಿಟ್ಟರು. ಅಕ್ಬರ್ ಹೈದರಿಯವರ ನಿವೇದನೆಯ ಯುಕ್ತಿಯನ್ನೇ ಕೈಗೆತ್ತಿಕೊಂಡು ಕೇಳೋಣ: ಇಂಗ್ಲಿಷು ಕಲಿಯುವುದರಲ್ಲಿ ಉರ್ದು ಬಲ್ಲ ಬಾಲಕನ ಶಕ್ತಿ ಮುಗಿದುಹೋಗುವುದು ನಿಜವಾದರೆ, ಉರ್ದು ಕಲಿಯುವುದರಲ್ಲಿ ಕನ್ನಡದ ಬಾಲಕನ ಶಕ್ತಿ ಮುಗಿಯಲಿಲ್ಲವೇ?

ಆ ಕಾಲದ ಗುರುಗುಂಟೆಯ ಒಬ್ಬ ಬುದ್ಧಿವಂತ ಹುಡುಗನನ್ನು ಊಹಿಸಿಕೊಳ್ಳಿರಿ. ಮನೆಯಲ್ಲಿ ಕನ್ನಡ, ಓಣಿಯ ಮಠದಲ್ಲಿ, ಐಗಳ ಬಳಿ ಕನ್ನಡ. ಕೆಳಗಿನ ತರಗತಿಗಳನ್ನು ದಾಟಿ ಮೇಲಕ್ಕೆ ಹೋದಂತೆ ಎದುರಿಗೆ ಬರುವುದು ಉರ್ದು. ಲಿಪಿ ಬಲದಿಂದ ಎಡಕ್ಕೆ. ಅದರ ಜೊತೆಗೆ ಇಂಗ್ಲಿಷು. ಲಿಂಗಸುಗೂರಿಗೆ ರೈಲಿಲ್ಲದ ಕಾಲ. ರಾಯಚೂರಿಗೆ ಹೋಗಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ ಹೈದರಾಬಾದು ಸೇರಬೇಕು. ಇಷ್ಟೂ ದಾಟಿ ಆ ಕಮಾನಿನ ಕೆಳಗೆ ನಿಂತವನಿಗೆ ಮೂರು ಭಾಷೆಗಳ ಭಾರ ಹೆಗಲ ಮೇಲೆ. ಪಕ್ಕದಲ್ಲಿ ನಿಂತ ನಗರದ ಹುಡುಗನಿಗೆ ಅದರ ಅರ್ಧ ಭಾರವಿಲ್ಲ. ದಾಟಿದವರು ಕೆಲವರು ಉಂಟು; ಅವರು ದೊಡ್ಡವರೂ ಆದರು. ದಾಟಲಾರದೆ ಹಿಂದೆ ಉಳಿದ ನೂರಾರು ಮಕ್ಕಳ ಹೆಸರು ಎಲ್ಲಿಯೂ ಬರೆದಿಲ್ಲ. ಹೆಣ್ಣುಮಕ್ಕಳ ಮಾತಂತೂ ಎತ್ತುವಂತೆಯೇ ಇರಲಿಲ್ಲ.

ಇದನ್ನು ಬರೆಯುವಾಗ ಒಂದು ಎಚ್ಚರಿಕೆ ಅವಶ್ಯವೆಂದು ನಮಗೆ ತೋರುವುದು. ದೋಷವು ಉರ್ದು ಭಾಷೆಯದಲ್ಲ, ಅದನ್ನು ಆಡುವ ನಮ್ಮ ನೆರೆಹೊರೆಯವರದೂ ಅಲ್ಲ. ಉರ್ದು ಮಧುರವಾದ ಭಾಷೆ. ಅದು ನಮ್ಮ ಮನೆಯೊಳಕ್ಕೂ ಬಂದು ಕುಳಿತಿದೆ. ಜಮೀನು, ಜಿಲ್ಲೆ, ಅರ್ಜಿ, ವಕೀಲ, ಕುರ್ಚಿ, ಸಾಬೂನು, ಜಮಾ, ಖರ್ಚು ಇವುಗಳಿಲ್ಲದೆ ನಮ್ಮ ಸೀಮೆಯ ಗೃಹಿಣಿಗೂ ರೈತನಿಗೂ ಒಂದು ದಿನ ಸಾಗದು. ಆಳುವವರು ತಮ್ಮ ಭಾಷೆಯಲ್ಲಿ ಆಡುವುದೂ ಎಡದೊರೆನಾಡಿಗೆ ಹೊಸತಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಪ್ರಾಕೃತದಲ್ಲಿದೆ. ೧೯೧೫ರಲ್ಲಿ ಅದು ಬೆಳಕಿಗೆ ಬಂದಾಗ, ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು ಅದರಲ್ಲಿನ ಹೆಸರಿನಿಂದ ಲೋಕಕ್ಕೆ ನಿಶ್ಚಯವಾಯಿತು. ಪ್ರಾಕೃತ ಹೋಯಿತು, ಪಾರಸಿ ಬಂದಿತು. ಪಾರಸಿಯ ಸ್ಥಾನಕ್ಕೆ ಉರ್ದು, ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು. ಬಂದ ಭಾಷೆಯನ್ನು ಜನರು ಕಲಿಯುವುದು ತಪ್ಪಲ್ಲ. ಜನರ ಭಾಷೆಗೆ ವಿದ್ಯೆಯ ಬಾಗಿಲನ್ನು ತೆರೆಯದೆ ಇರುವುದೇ ತಪ್ಪು.

ನಮ್ಮ ಹಿರಿಯರು ಕೈಕಟ್ಟಿ ಕುಳಿತಿರಲಿಲ್ಲ. ಗುಲ್ಬರ್ಗದಲ್ಲಿ ನೂತನ ವಿದ್ಯಾಲಯವು ೧೯೦೭ರಲ್ಲಿಯೇ ಆರಂಭವಾಗಿದ್ದಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ಕನ್ನಡದ ಮಕ್ಕಳಿಗಾಗಿ ದುಡಿದ ಆ ಶಾಲೆಯ ಹೆಸರು ಉರ್ದು ಎಂಬುದನ್ನು ಗಮನಿಸತಕ್ಕದ್ದು. ದ್ವೇಷವಿಲ್ಲದೆಯೂ ಸ್ವಭಾಷೆಯನ್ನು ಪ್ರೀತಿಸಬಹುದೆಂಬುದಕ್ಕೆ ಅದು ಸಾಕ್ಷಿ. ಉಸ್ಮಾನಿಯಾದಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಕಲಿಸುವ ಏರ್ಪಾಡಿದ್ದು, ಡಿ. ಕೆ. ಭೀಮಸೇನರಾಯರು ಅಲ್ಲಿ ಕನ್ನಡದ ದೀಪವನ್ನು ಕಾಯ್ದರು. ನಿಜಾಮರು ಆ ಕಟ್ಟಡಕ್ಕೆ ಅಸ್ತಿಭಾರವನ್ನಿಟ್ಟ ೧೯೩೪ನೆಯ ಇಸವಿಯಲ್ಲಿಯೇ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಸಾರ್ವಜನಿಕ ಸಭೆಗಳಿಗೆ ಸರಕಾರದ ಅಪ್ಪಣೆ ಬೇಕಾಗಿದ್ದ ಆ ದಿನಗಳಲ್ಲಿ ಅದು ಚಿಕ್ಕ ಕೆಲಸವಲ್ಲ. ಒಂದೇ ವರ್ಷ ಎರಡು ಅಸ್ತಿಭಾರಗಳು ಬಿದ್ದವೆನ್ನಬಹುದು: ಒಂದು ಕಲ್ಲಿನದು, ಕಣ್ಣಿಗೆ ಕಾಣುವುದು, ಇನ್ನೊಂದು ಮಾತಿನದು, ಕಣ್ಣಿಗೆ ಕಾಣದುದು.

ವಿದ್ಯಾರ್ಥಿಗಳಲ್ಲಿ ಕುದಿಯುತ್ತಿದ್ದುದು ಭಾಷೆಯ ವಿಷಯ ಮಾತ್ರವಲ್ಲ. ೧೯೩೮ರ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯದ ವಸತಿಗೃಹದಲ್ಲಿ ಹಿಂದೂ ವಿದ್ಯಾರ್ಥಿಗಳು ಪ್ರಾರ್ಥನೆಯಲ್ಲಿ ವಂದೇ ಮಾತರಂ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಗುಲ್ಬರ್ಗ, ವರಂಗಲ್ಲು, ಔರಂಗಾಬಾದುಗಳ ಕಾಲೇಜುಗಳಿಗೂ ಅದು ಹಬ್ಬಿತು. ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಿದರು. ಅವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟುದು ನಾಗಪುರ ವಿಶ್ವವಿದ್ಯಾನಿಲಯ. ಮುಂದೆ ಭಾರತದ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾಯರು ಹೀಗೆ ಹೋದವರಲ್ಲಿ ಒಬ್ಬರು. ಇದಾದ ಒಂದು ವರ್ಷಕ್ಕೆ ಆರ್ಟ್ಸ್ ಕಾಲೇಜಿನ ಪ್ರಾರಂಭೋತ್ಸವ ನಡೆಯಿತು. ಮಕ್ಕಳನ್ನು ಹೊರಗೆ ಕಳುಹಿಸಿ ಮನೆಗೆ ಗೃಹಪ್ರವೇಶ ಮಾಡಿದಂತಾಯಿತು.

ಮುಂದಿನ ಕಥೆ ವಾಚಕರು ಬಲ್ಲದೇ. ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮರ ಆಡಳಿತ ಕೊನೆಗೊಂಡಿತು. ಅದಾದ ಮೇಲೆ ಉಸ್ಮಾನಿಯಾದಲ್ಲಿ ಪಾಠದ ಭಾಷೆ ಉರ್ದು ಹೋಗಿ ಇಂಗ್ಲಿಷಾಯಿತು. ತೆಲುಗು ಬರಲಿಲ್ಲ, ಮರಾಠಿ ಬರಲಿಲ್ಲ, ಕನ್ನಡವೂ ಬರಲಿಲ್ಲ. ಮೂವತ್ತು ವರ್ಷಗಳ ಶ್ರಮದಿಂದ ಕಟ್ಟಿದ ಪರಿಭಾಷೆಯ ರಾಶಿಗೆ ವಿದ್ಯಾರ್ಥಿಗಳೇ ಇಲ್ಲದಂತಾಯಿತು. ಉರ್ದುವಿನ ಜೊತೆಗೆ ಜನರ ಉಳಿದ ಮೂರು ಭಾಷೆಗಳಿಗೂ ಆರಂಭದಲ್ಲಿಯೇ ಸ್ಥಾನ ದೊರೆತಿದ್ದರೆ, ಆ ಕೆಲಸವನ್ನು ತಮ್ಮದೆಂದು ಕಾಪಾಡುವವರು ಎಲ್ಲ ಜಿಲ್ಲೆಗಳಲ್ಲಿಯೂ ಇರುತ್ತಿದ್ದರು. ಹತ್ತರಲ್ಲೊಬ್ಬನ ಮನೆಯೆಂದು ಕಟ್ಟಿದುದನ್ನು ಉಳಿದ ಒಂಬತ್ತು ಮಂದಿ ಏಕೆ ಕಾಯುವರು?

೧೯೫೬ರ ನವೆಂಬರ್ ೧ರಂದು ರಾಯಚೂರು, ಗುಲ್ಬರ್ಗ, ಬೀದರಗಳು ಕನ್ನಡ ರಾಜ್ಯಕ್ಕೆ ಬಂದವು. ೧೯೮೦ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯವೂ, ೧೯೯೧ರಲ್ಲಿ ತುಂಗಭದ್ರೆಯ ಆಚೆಯ ದಡದ ಹಂಪೆಯಲ್ಲಿ ಕನ್ನಡ ವಿಶ್ವವಿದ್ಯಾನಿಲಯವೂ, ೨೦೦೯ರಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ಇತ್ತೀಚೆಗೆ ರಾಯಚೂರು ಜಿಲ್ಲೆಗೆ ತನ್ನದೇ ಸಾಮಾನ್ಯ ವಿಶ್ವವಿದ್ಯಾನಿಲಯವೂ ಬಂದಿದೆ. ಗುರುಗುಂಟೆಯ ಹುಡುಗನೂ ಹುಡುಗಿಯೂ ಪದವಿಗಾಗಿ ಹೈದರಾಬಾದಿನ ರೈಲು ಹತ್ತಬೇಕಾದ ಅಗತ್ಯ ಇಂದಿಲ್ಲ. ಇದು ಸಂತೋಷದ ವಿಷಯ. ಆದರೆ ಆ ಹುಡುಗಿ ರಸಾಯನಶಾಸ್ತ್ರವನ್ನೋ ವೈದ್ಯವನ್ನೋ ಕಲಿಯಹೊರಟರೆ ಅವಳ ಮುಂದೆ ಇರುವ ಪುಸ್ತಕ ಕನ್ನಡದಲ್ಲಿಲ್ಲ. ಭಾರ ಇಳಿಯಲಿಲ್ಲ, ಹೊರುವ ದೂರ ಕಡಮೆಯಾಯಿತು.

ಇದು ಪಂಡಿತರ ಚಿಂತೆ, ಗೃಹಸ್ಥರಿಗೇನು ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಇದು. ಸಿಂಧನೂರಿನ ಕಡೆ ಕಾಲುವೆಯ ನೀರು ಮಿತಿಮೀರಿ ಸವಳು ಜವಳು ಹಿಡಿದ ಹೊಲಗಳನ್ನು ಕಂಡವರು ನೀವು. ಹೊಲಕ್ಕೆ ಸವಳು ಏಕೆ ಬಂದಿತು, ಹೇಗೆ ಹೋಗುವುದು ಎಂಬುದು ಮಣ್ಣಿನ ರಸಾಯನ. ಅದನ್ನು ಬಲ್ಲವರು ಬರೆಯುವುದು ಇಂಗ್ಲಿಷಿನಲ್ಲಿ. ಅನುಭವಿಸುವವನು ಓದುವುದು ಕನ್ನಡದಲ್ಲಿ. ಗುರುಗುಂಟೆಯ ನೆರೆಯ ಹಟ್ಟಿಯಲ್ಲಿ ೧೯೪೭ರಲ್ಲಿ ಸ್ಥಾಪಿತವಾದ ಕಂಪನಿ ನೆಲದಾಳದಿಂದ ಬಂಗಾರ ತೆಗೆಯುತ್ತಿದೆ. ಗಣಿಗೆ ಇಳಿಯುವವರ ಬಾಯಲ್ಲಿ ಕನ್ನಡ. ಆ ಬಂಗಾರ ಅಲ್ಲಿಗೆ ಹೇಗೆ ಬಂದಿತೆಂಬ ಭೂಗರ್ಭಶಾಸ್ತ್ರ ಕನ್ನಡಕ್ಕೆ ಬಂದುದು ಅತ್ಯಲ್ಪ. ಔಷಧದ ಚೀಟಿ, ಕೀಟನಾಶಕದ ಸೀಸೆ, ಸಾಲದ ಪತ್ರ ಎಲ್ಲವೂ ಹೀಗೆಯೇ. ವಿದ್ಯೆಯ ಭಾಷೆಗೂ ಮನೆಯ ಭಾಷೆಗೂ ನಡುವೆ ಗೋಡೆಯೆದ್ದರೆ, ಕೆಡುಕು ತಟ್ಟುವುದು ಕಾಲೇಜಿನಲ್ಲಿ ಅಲ್ಲ, ಅಡಿಗೆಮನೆಯಲ್ಲಿ ಮತ್ತು ಹೊಲದಲ್ಲಿ.

ಹಾಗಾದರೆ ಆ ಕಟ್ಟಡದಿಂದ ನಾವು ಕಲಿಯತಕ್ಕ ಪಾಠ ಯಾವುದು? ಮೊದಲನೆಯದು ಧೈರ್ಯ. ರಾಜ್ಯದ ಬಲವೂ ವಿದ್ವಾಂಸರ ಶ್ರಮವೂ ಕೂಡಿದರೆ ಭಾರತದ ಯಾವ ಭಾಷೆಯೂ ಯಾವ ಶಾಸ್ತ್ರವನ್ನಾದರೂ ಹೊರಬಲ್ಲದು. ಮೂರು ದಶಕಗಳ ಕಾಲ ವೈದ್ಯಶಾಲೆಯ ತನಕ ಅದು ನಡೆದು ತೋರಿಸಿದೆ. ಎರಡನೆಯದು ಎಚ್ಚರಿಕೆ. ಜನರನ್ನು ಕೇಳದೆ ಅವರಿಗಾಗಿ ಆರಿಸಿದ ಭಾಷೆ ಉಳಿಯಲಾರದು. ಮೂರನೆಯದು ವಿವೇಕ. ದಾರುಲ್ ತರ್ಜುಮಾದ ಅನೇಕ ಶಬ್ದಗಳು ಅರಬಿಯ ಆಳದಿಂದ ಬಂದವು. ಉರ್ದು ಮನೆಮಾತಾದವನಿಗೂ ಅವು ಕಠಿಣವೇ. ಕನ್ನಡದ ನಾವೂ ಸಂಸ್ಕೃತದ ಸಮಾಸಗಳನ್ನು ಪೋಣಿಸಿ ಅದೇ ತಪ್ಪನ್ನು ಮಾಡಬಾರದು. ಬಳಕೆಯಲ್ಲಿರುವ ಪರಭಾಷೆಯ ಶಬ್ದವಾದರೆ ಅದನ್ನೇ ಇಟ್ಟುಕೊಂಡು, ರೈತನ ಬಾಯಲ್ಲಿರುವ ಒಳ್ಳೆಯ ಶಬ್ದವಾದರೆ ಅದನ್ನು ಮೇಲಕ್ಕೆತ್ತಿ ಬರೆಯುವುದು ಲೇಸು. ‘ಸವಳು’ ಎಂಬ ಶಬ್ದ ಯಾವ ಶಾಸ್ತ್ರಗ್ರಂಥದಲ್ಲಿಯೂ ತಲೆತಗ್ಗಿಸಬೇಕಾದ ಶಬ್ದವಲ್ಲ.

೨೦೨೧ರಲ್ಲಿ ಭಾರತದ ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜಿನಿಯರಿಂಗ್ ಪಾಠಗಳನ್ನು ದೇಶಭಾಷೆಗಳಲ್ಲಿ ನಡೆಸುವುದಕ್ಕೆ ಅನುಮತಿ ಕೊಟ್ಟಿದೆ. ಅನುಮತಿ ಬಾಗಿಲಿದ್ದಂತೆ, ಒಳಗೆ ಪುಸ್ತಕವಿಲ್ಲ, ಗುರುವಿಲ್ಲ, ಹೊರಗೆ ಬಂದ ಮೇಲೆ ನೌಕರಿಯ ಭರವಸೆಯಿಲ್ಲವೆಂದರೆ ಯಾವ ತಂದೆ ತನ್ನ ಮಗುವನ್ನು ಕಳುಹಿಸುವನು? ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳನ್ನು ಇಲ್ಲಿ ನಾವು ಬೈಯುವುದಿಲ್ಲ. ಅನ್ನದ ದಾರಿ ಎತ್ತ ಇದೆಯೋ ಅತ್ತ ಅವರು ನಡೆಯುವುದು ಸಹಜ. ನಿಜಾಮರ ಕಾಲದಲ್ಲಿಯೂ ನಮ್ಮ ಹಿರಿಯರು ಅನ್ನಕ್ಕಾಗಿ ಉರ್ದು ಕಲಿತರು, ಮನೆಯಲ್ಲಿ ಕನ್ನಡ ಬಿಡಲಿಲ್ಲ. ಅಷ್ಟನ್ನಾದರೂ ನಾವು ಮಾಡಬೇಡವೇ? ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತ ಪಾಠವನ್ನು ಸಾಯಂಕಾಲ ಅಜ್ಜಿಗೆ ಕನ್ನಡದಲ್ಲಿ ಹೇಳೆಂದು ಮಗುವಿಗೆ ಒಪ್ಪಿಸಿರಿ. ಅಜ್ಜಿಗೆ ತಿಳಿಯುವಂತೆ ಹೇಳಬಲ್ಲ ಮಗುವಿಗೆ ಪಾಠ ನಿಜವಾಗಿ ತಿಳಿದಿದೆ. ಹೇಳಲಾರದಿದ್ದರೆ ಬಾಯಿಪಾಠ ಮಾತ್ರವಾಗಿದೆಯೆಂದು ತಿಳಿಯಿರಿ. ಇದಕ್ಕೆ ಫರ್ಮಾನು ಬೇಡ, ಬೊಕ್ಕಸ ಬೇಡ. ಇಂತಹ ಮನೆಗಳು ಹೆಚ್ಚಿದಲ್ಲಿ ಕನ್ನಡದ ಶಾಸ್ತ್ರಗ್ರಂಥಕ್ಕೆ ಓದುಗರು ದೊರೆಯುವರು. ಓದುಗರು 있ೆಂದಲ್ಲಿ ಬರೆಯುವವರೂ ಹುಟ್ಟುವರು.

ಇನ್ನು ಹೈದರಾಬಾದಿಗೆ ಹೋದಾಗ ಮಕ್ಕಳನ್ನು ಒಮ್ಮೆ ಆ ಗುಲಾಬಿ ಕಲ್ಲಿನ ಕಟ್ಟಡದ ಮುಂದೆ ನಿಲ್ಲಿಸಿರಿ. ೧೯೬೯ರಲ್ಲಿಯೂ ೨೦೦೯ರಲ್ಲಿಯೂ ತೆಲಂಗಾಣದ ವಿದ್ಯಾರ್ಥಿಗಳು ತಮ್ಮ ರಾಜ್ಯಕ್ಕಾಗಿ ಕೂಗೆತ್ತಿದ ವಿದ್ಯಾಪೀಠ ಇದೇ. ೨೦೧೪ರಲ್ಲಿ ಅವರಿಗೆ ರಾಜ್ಯ ದೊರೆತಮೇಲೆ ಅದು ಅವರ ಹೆಮ್ಮೆಯ ಚಿಹ್ನೆಯಾಗಿದೆ. ನಮ್ಮ ಮಕ್ಕಳಿಗೆ ನಾವು ಹೇಳತಕ್ಕದ್ದು ಬೇರೆ. ಇದನ್ನು ಕಟ್ಟುವುದಕ್ಕೆ ನಮ್ಮ ಊರಿನ ಹಣವೂ ಬಂದಿದೆ. ಇದರ ಅಂದಕ್ಕೆ ನಾವು ಪಾಲುಗಾರರು. ಇದರೊಳಗೆ ನಮ್ಮ ನುಡಿಗೆ ತಕ್ಕ ಸ್ಥಾನ ದೊರೆಯಲಿಲ್ಲ. ಆ ಕೊರತೆಗೂ ನಾವು ಪಾಲುಗಾರರು. ಎರಡು ಪಾಲನ್ನೂ ಮಕ್ಕಳಿಗೆ ಒಟ್ಟಿಗೆ ಒಪ್ಪಿಸತಕ್ಕದ್ದು. ಅಂದವನ್ನಷ್ಟೇ ಹೇಳಿದರೆ ಅವರು ಹೊಗಳುಭಟರಾಗುವರು, ಕೊರತೆಯನ್ನಷ್ಟೇ ಹೇಳಿದರೆ ಹಗೆಗಾರರಾಗುವರು. ಎರಡನ್ನೂ ಹೇಳಿದರೆ, ಉಳಿದ ಕೆಲಸ ತಮ್ಮದೆಂದು ತಿಳಿಯುವರು.